ಹೈಡ್ರೋಜನ್ ಆಲ್ಫಾದಲ್ಲಿ ಸೂರ್ಯನ ಫೋಟೊ: ಅರ್ಧ ಸೂರ್ಯ ಮಾತ್ರ ಯಾಕೆ ಸರಿ ಬರುತ್ತದೆ?

ಮುಳ್ಳೇರಿಯ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರದವಳು. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ಅಡಿಕೆ ತೋಟ ಉಂಟು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಎಲ್ಲಿ ತಪ್ಪುತ್ತಿದೆ ಅಂತ ನನಗೇ ಗೊತ್ತಾಗುತ್ತಿಲ್ಲ, ಪೂರ್ತಿ ಹೇಳಿದರೆ ನಿಮಗಾದರೂ ಗೊತ್ತಾದೀತು.

2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ಆಯ್ತಲ್ವಾ, ಅವತ್ತು ನಮ್ಮ ಜಿಲ್ಲೆಯ ಚೆರುವತ್ತೂರಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನಾವು ಅಷ್ಟು ದೂರ ಹೋಗಲಿಲ್ಲ. ಉಂಗುರ ನಮ್ಮಲ್ಲೂ ಕಾಣುತ್ತಿತ್ತು. ಕ್ರಿಸ್ಮಸ್ ರಜೆ ಇದ್ದರೂ ಮಕ್ಕಳು ಶಾಲೆಯ ಮೈದಾನಕ್ಕೆ ಬಂದಿದ್ದರು. ಒಂಬತ್ತೂವರೆಗೆ ಸ್ವಲ್ಪ ಮೊದಲು ಉಂಗುರ ಕೂಡಿತು. ಗ್ರಹಣದ ಕನ್ನಡಕ ಹಾಕಿಕೊಂಡೇ ಎಲ್ಲರೂ ಕೂಗಿದರು. ಎಲ್ಲ ಮುಗಿದ ಮೇಲೆ ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಬಂದು ಕೇಳಿದಳು: "ಟೀಚರ್, ಪುಸ್ತಕದ ಚಿತ್ರದಲ್ಲಿ ಸೂರ್ಯನ ಅಂಚಲ್ಲಿ ಬೆಂಕಿಯ ನಾಲಿಗೆ ಇದೆ. ಇವತ್ತು ಯಾಕೆ ಕಾಣಲಿಲ್ಲ?" ಕಂಕಣ ಗ್ರಹಣದಲ್ಲಿ ಸೂರ್ಯ ಪೂರ್ತಿ ಮುಚ್ಚುವುದಿಲ್ಲ, ಉಳಿದ ಉಂಗುರದ ಬೆಳಕೇ ಜಾಸ್ತಿ, ಅದಕ್ಕೆ ಅಂಚಿನದ್ದು ಕಾಣುವುದಿಲ್ಲ ಅಂತ ಹೇಳಿದೆ. ಉತ್ತರ ಸರಿಯೇ ಇತ್ತು. ಆದರೆ ಅವಳಿಗೆ ನಾಲಿಗೆ ತೋರಿಸಲು ಆಗಲಿಲ್ಲ. ಆ ಹುಡುಗಿ ಶಾಲೆ ಬಿಟ್ಟು ಈಗ ಕಾಲೇಜಿನಲ್ಲಿದ್ದಾಳೆ. ನನ್ನ ಮನಸ್ಸಿನಿಂದ ಆ ಪ್ರಶ್ನೆ ಹೋಗಲಿಲ್ಲ.

ಕಳೆದ ದೀಪಾವಳಿಗೆ ಒಂದು ಸೆಕೆಂಡ್ ಹ್ಯಾಂಡ್ ಕೊರೊನಾಡೊ ಪಿಎಸ್‌ಟಿ ತೆಗೆದುಕೊಂಡೆ. ಹೈಡ್ರೋಜನ್ ಆಲ್ಫಾ ಎಂಬ ಕೆಂಪು ಬೆಳಕಲ್ಲಿ ಮಾತ್ರ ಸೂರ್ಯನನ್ನು ತೋರಿಸುವ ಸಣ್ಣ ಟೆಲಿಸ್ಕೋಪ್ ಅದು. 40 ಮಿಲಿಮೀಟರ್ ಲೆನ್ಸ್, 400 ಮಿಲಿಮೀಟರ್ ಫೋಕಲ್ ಲೆಂಗ್ತ್. ಮೊದಲ ದಿನ ಐಪೀಸಿಗೆ ಕಣ್ಣಿಟ್ಟಾಗ ಅಂಚಿನಲ್ಲಿ ಸಣ್ಣದೊಂದು ಕೆಂಪು ಕಮಾನು ಕಂಡಿತು. ಯಜಮಾನರನ್ನು ಕರೆದೆ, ಅತ್ತೆಯನ್ನು ಕರೆದೆ. ಅಡಿಕೆ ಸುಲಿಯಲು ಬಂದವರೂ ಒಬ್ಬೊಬ್ಬರಾಗಿ ನೋಡಿದರು. ತಲೆ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡು ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕಣ್ಣಿನ ವಿಷಯದಲ್ಲಿ ನನಗೆ ದೂರಿಲ್ಲ.

ತೊಂದರೆ ಫೋಟೊದಲ್ಲಿ. ಹತ್ತಿರ ಇರುವುದು ಹಳೆಯ ಎಎಸ್‌ಐ 120 ಎಂಸಿ, ಕಲರ್ ಕ್ಯಾಮೆರಾ. ನೇರ ಹಾಕಿದರೆ ಫೋಕಸ್ಸೇ ಸಿಗುವುದಿಲ್ಲ, ಗುಂಡಿ ಕೊನೆವರೆಗೆ ತಿರುಗಿಸಿದರೂ ಮಸುಕು. 2x ಬಾರ್ಲೋ (ಬಿಂಬವನ್ನು ದೊಡ್ಡದು ಮಾಡುವ ಲೆನ್ಸ್) ಹಾಕಿದರೆ ಫೋಕಸ್ ಬರುತ್ತದೆ, ಆದರೆ ಸೂರ್ಯ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ. ಎಡಗಡೆ ತುಂಬ ವಿವರ ಬರುತ್ತದೆ, ಬಲಗಡೆ ಬರೀ ನುಣ್ಣಗೆ, ಏನೂ ಇಲ್ಲದ ಹಾಗೆ. ಅಡ್ಡಕ್ಕೆ ತೆಳು ಪಟ್ಟೆಗಳು ಬೇರೆ, ನೀರಿನ ಅಲೆಯ ಹಾಗೆ. ಅಂಚಿನ ಪ್ರಾಮಿನೆನ್ಸ್, ಅಂದರೆ ಆ ಬೆಂಕಿಯ ನಾಲಿಗೆ, ಕಾಣಲಿ ಅಂತ ಎಕ್ಸ್‌ಪೋಷರ್ ಏರಿಸಿದರೆ ಸೂರ್ಯನ ತಟ್ಟೆ ಪೂರ್ತಿ ಬೆಳ್ಳಗೆ, ಇಳಿಸಿದರೆ ಪ್ರಾಮಿನೆನ್ಸ್ ಮಾಯ. ಹತ್ತು ಗಂಟೆ ಆದ ಮೇಲಂತೂ ಚಿತ್ರ ಕುದಿಯುವ ಸಾರಿನ ಹಾಗೆ.

ಟೆಲಿಸ್ಕೋಪ್ ಇಡುವುದು ಅಡಿಕೆ ಒಣಗಿಸುವ ಅಂಗಳದಲ್ಲಿ. ಮನೆ ಸುತ್ತ ಬೇರೆಲ್ಲ ಕಡೆ ಕಂಗು, ತೆಂಗಿನ ನೆರಳು. ಅಂಗಳದಲ್ಲಿ ಮಾತ್ರ ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು. ಲ್ಯಾಪ್‌ಟಾಪ್ ಸ್ಕ್ರೀನಿಗೆ ಹಾಳೆ ಕಟ್ಟಿ ನೆರಳು ಮಾಡಿಕೊಂಡಿದ್ದೇನೆ.

ಇನ್ನೊಂದು ವಿಷಯ. ನಮ್ಮ ಭಾವನ ಹತ್ತಿರ 80 ಮಿಲಿಮೀಟರಿನ ಟೆಲಿಸ್ಕೋಪ್ ಉಂಟು, ಫೋಕಲ್ ಲೆಂಗ್ತ್ 480. ಅವನು ನೆಬ್ಯುಲಾ ತೆಗೆಯುವ 7 ನ್ಯಾನೋಮೀಟರಿನ ಹೈಡ್ರೋಜನ್ ಆಲ್ಫಾ ಫಿಲ್ಟರ್ ತಂದಿದ್ದಾನೆ. "ಇದೂ ಅದೇ ಆಲ್ಫಾ, ನನ್ನದಕ್ಕೆ ಹಾಕಿ ಸೂರ್ಯನನ್ನು ತೆಗೆಯುವ, ದೊಡ್ಡ ಲೆನ್ಸಲ್ಲಿ ಇನ್ನೂ ಚೆನ್ನಾಗಿ ಬರ್ತದೆ" ಅನ್ನುತ್ತಾನೆ. ಈ ಭಾನುವಾರ ಬರುತ್ತಾನೆ. ಹಾಕಬಹುದಾ?

ತಾಳವಾಡಿಯಿಂದ:

ಟೀಚರ್, ಬೇರೆ ಎಲ್ಲ ಆಮೇಲೆ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಖಂಡಿತ ಬೇಡ. ಇವತ್ತೇ ಭಾವನಿಗೆ ಫೋನ್ ಮಾಡಿ ಹೇಳಿ, ಭಾನುವಾರದವರೆಗೆ ಕಾಯಬೇಡಿ.

ಹೆಸರು ಒಂದೇ ಆದರೂ ವಸ್ತು ಬೇರೆ. ಹೈಡ್ರೋಜನ್ ಆಲ್ಫಾ ಅಂದರೆ 656.28 ನ್ಯಾನೋಮೀಟರಿನ ಕೆಂಪು ಬೆಳಕು. ಭಾವನ ಫಿಲ್ಟರ್ ಅದರ ಸುತ್ತ 7 ನ್ಯಾನೋಮೀಟರ್, ಅಂದರೆ 70 ಆಂಗ್‌ಸ್ಟ್ರಾಮ್ ಅಗಲದ ಬೆಳಕನ್ನು ಬಿಡುತ್ತದೆ. ನಿಮ್ಮ ಪಿಎಸ್‌ಟಿ ಬಿಡುವುದು 1 ಆಂಗ್‌ಸ್ಟ್ರಾಮಿಗಿಂತ ಕಡಿಮೆ. ಎಪ್ಪತ್ತು ಪಟ್ಟು ವ್ಯತ್ಯಾಸ. ಅಷ್ಟು ಅಗಲ ಇದ್ದರೆ ಕೆಳಗಿನ ದ್ಯುತಿಗೋಳದ, ಅಂದರೆ ಸೂರ್ಯನ ಹೊಳೆಯುವ ಮೈಯ ಬೆಳಕೇ ತುಂಬಿಕೊಳ್ಳುತ್ತದೆ, ಅದರ ಮೇಲಿನ ತೆಳು ಪದರವಾದ ವರ್ಣಗೋಳ ಅದರಲ್ಲಿ ಮುಳುಗಿ ಹೋಗುತ್ತದೆ. ಅಂದರೆ ನಿಮಗೆ ಬೇಕಾದ್ದು ಕಾಣುವುದೇ ಇಲ್ಲ.

ಕಾಣದಿರುವುದು ಹೋಗಲಿ, ಅಪಾಯ ನೋಡಿ. 80 ಮಿಲಿಮೀಟರ್ ಲೆನ್ಸಿನ ಮೇಲೆ ಒಳ್ಳೆ ಬಿಸಿಲಲ್ಲಿ ಸುಮಾರು 5 ವ್ಯಾಟ್ ಶಕ್ತಿ ಬೀಳುತ್ತದೆ. ಅದೆಲ್ಲ ನಾಲ್ಕೂವರೆ ಮಿಲಿಮೀಟರಿನ ಒಂದು ಚುಕ್ಕಿಗೆ ಬಂದು ಸೇರುತ್ತದೆ. ಚಿಕ್ಕವರಿದ್ದಾಗ ಭೂತಕನ್ನಡಿಯಲ್ಲಿ ಕಾಗದ ಸುಟ್ಟಿದ್ದೇವಲ್ಲ, ಅದೇ ಥರ. ನೆಬ್ಯುಲಾ ಫಿಲ್ಟರನ್ನು ಮಾಡಿರುವುದು ರಾತ್ರಿಗೆ. ಅದು ಐಪೀಸಿನ ಕಡೆ, ಆ ಬೆಂಕಿಯ ಹತ್ತಿರವೇ ಕೂರುತ್ತದೆ. ಬಿಸಿಗೆ ಬಿರುಕು ಬಿಡಬಹುದು. ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಕೆಲವು ಫಿಲ್ಟರ್‌ಗಳು ತಡೆಯುವುದೂ ಇಲ್ಲ. ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ ಟೀಚರ್. ಸುಡುವಾಗ ಏನೂ ಅನ್ನಿಸುವುದಿಲ್ಲ, ಆಮೇಲೆ ನಡುವೆ ಕಪ್ಪು ಚುಕ್ಕಿ ಉಳಿದುಬಿಡುತ್ತದೆ. ಮಕ್ಕಳು ಸಾಲಾಗಿ ಬರುವ ಜಾಗ ನಿಮ್ಮದು.

ಭಾವನ ಟೆಲಿಸ್ಕೋಪನ್ನೂ ಉಪಯೋಗಿಸಬೇಕು ಅಂದರೆ ಮುಂದಿನ ಲೆನ್ಸಿನ ಬಾಯಿಗೆ ಪೂರ್ತಿ ಮುಚ್ಚುವ ಹಾಗೆ ಸೌರ ಫಿಲ್ಮ್ ಹಾಕಿ. ನೋಡುವುದಕ್ಕೆಂದೇ ಮಾಡಿದ ಫಿಲ್ಮ್ ಲಕ್ಷದಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಅದರಲ್ಲಿ ಸೂರ್ಯನ ಕಲೆಗಳು ಚೆನ್ನಾಗಿ ಕಾಣುತ್ತವೆ, ಪ್ರಾಮಿನೆನ್ಸ್ ಕಾಣುವುದಿಲ್ಲ. ಗಾಳಿಗೆ ಹಾರದ ಹಾಗೆ ಟೇಪ್ ಹಾಕಿ. ಪಕ್ಕದ ಸಣ್ಣ ಫೈಂಡರ್ ಟೆಲಿಸ್ಕೋಪನ್ನು ಬಿಚ್ಚಿ ಒಳಗಿಡಿ, ಬರೀ ಮುಚ್ಚಿದರೆ ಮಕ್ಕಳು ತೆಗೆದು ನೋಡುತ್ತಾರೆ. ಅದೇ 80ರಲ್ಲಿ ಪ್ರಾಮಿನೆನ್ಸೇ ಬೇಕು ಅಂದರೆ ಡೇಸ್ಟಾರ್ ಕ್ವಾರ್ಕ್ ಥರದ ಫಿಲ್ಟರ್ ಬೇಕು. ಅದೂ ಐಪೀಸಿನ ಕಡೆಯೇ ಕೂರುತ್ತದೆ ನಿಜ, ಆದರೆ ಅದು ಸೂರ್ಯನಿಗಾಗಿಯೇ ಮಾಡಿದ್ದು. ಮುಂದೆ ಯುವಿ-ಐಆರ್ ತಡೆಯುವ ಫಿಲ್ಟರ್ ಜೊತೆ ಹಾಕಬೇಕು. ಕರೆಂಟ್ ಕೊಟ್ಟು ಅದು ಬಿಸಿಯಾಗುವವರೆಗೆ ಕಾಯಬೇಕು. ಬೆಲೆ ಜಾಸ್ತಿ. ಇರುವ ಪಿಎಸ್‌ಟಿಯನ್ನೇ ಪೂರ್ತಿ ದುಡಿಸಿಕೊಳ್ಳಿ ಅಂತ ನನ್ನ ಮಾತು.

ನಮ್ಮ ಕಡೆಯಿಂದ ಕೊಡೈಕೆನಾಲ್‌ಗೆ ಒಂದು ದಿನದ ದಾರಿ. ಅಲ್ಲಿನ ಸೌರ ವೀಕ್ಷಣಾಲಯದಲ್ಲಿ 1912ರಿಂದ ಹೈಡ್ರೋಜನ್ ಆಲ್ಫಾದಲ್ಲಿ ಸೂರ್ಯನನ್ನು ಗಾಜಿನ ಪ್ಲೇಟಿನ ಮೇಲೆ ಹಿಡಿದಿಟ್ಟಿದ್ದಾರೆ. ನೂರು ವರ್ಷ ದಾಟಿದ ಚಿತ್ರಗಳು. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ. ನೀವು ಅಂಗಳದಲ್ಲಿ ನೋಡುವ ಅದೇ ಕೆಂಪು ಗೆರೆಯಲ್ಲಿ ಆಗಿನವರೂ ನೋಡಿದ್ದರು ಅಂತ ಮಕ್ಕಳಿಗೆ ಗೊತ್ತಾಗಬೇಕು.

ಆದೋನಿ:

ತಾಳವಾಡಿಯವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನು ಫೋಟೊ ಬಗ್ಗೆ ಹೇಳ್ತೀನಿ ಮೇಡಮ್ಮರೇ, ನಾಲ್ಕು ವರ್ಷದಿಂದ ಇದೇ ಪಿಎಸ್‌ಟಿ ನನ್ನ ಹತ್ತಿರ ಐತಿ.

ಎಡಗಡೆ ಚೆನ್ನಾಗಿ, ಬಲಗಡೆ ನುಣ್ಣಗೆ ಅಂದಿರಲ್ಲ, ಅದು ನಿಮ್ಮ ತಪ್ಪಲ್ಲ. ಒಳಗೆ ಎಟಲಾನ್ ಅಂತ ಇರುತ್ತದೆ. ತುಂಬಾ ಸಮತಟ್ಟಾದ ಎರಡು ಗಾಜು, ನಡುವೆ ಕೂದಲೆಳೆಯ ಸಂದು. ಬೆಳಕು ಆ ಸಂದಿನಲ್ಲಿ ಹೋಗಿ ಬಂದು ಹೋಗಿ ಬಂದು ಮಾಡುತ್ತದೆ. ಸಂದಿನ ಅಳತೆಗೆ ಸರಿಯಾಗಿ ಕೂರುವ ಅಲೆಗಳು ಒಂದಕ್ಕೊಂದು ಬಲ ಕೊಟ್ಟು ಹೊರಗೆ ಬರುತ್ತವೆ, ಉಳಿದವು ಸಾಯುತ್ತವೆ. ಹಾಗೆ ಹೊರಗೆ ಬರುವುದು ಒಂದೇ ಅಲೆ ಅಲ್ಲ, ಬಾಚಣಿಗೆಯ ಹಲ್ಲಿನ ಹಾಗೆ ಸಾಲು. ಅದರಲ್ಲಿ ನಮಗೆ ಬೇಕಾದ ಒಂದೇ ಹಲ್ಲನ್ನು ಉಳಿಸುವುದು ಹಿಂದಿರುವ ಬ್ಲಾಕಿಂಗ್ ಫಿಲ್ಟರ್. ಬೆಳಕು ಸ್ವಲ್ಪ ಓರೆಯಾಗಿ ಬಂದರೂ ಹಲ್ಲು ಪಕ್ಕಕ್ಕೆ ಜರುಗುತ್ತದೆ. ಪಿಎಸ್‌ಟಿಯಲ್ಲಿ ಎಟಲಾನ್ ಸಣ್ಣದು, ಕೊಳವೆಯ ಒಳಗಿರುವುದು. ಹಾಗಾಗಿ ನೋಟದ ಒಂದು ಭಾಗದಲ್ಲಿ ಮಾತ್ರ ಸರಿಯಾಗಿ 656.28ಕ್ಕೆ ಕೂರುತ್ತದೆ. ಆ ಜಾಗ ಎಲ್ಲಿದೆ ಅಂತ ಮೊದಲು ಹುಡುಕಿ. ಟ್ಯೂನಿಂಗ್ ಉಂಗುರ ತಿರುಗಿಸುತ್ತ, ಸೂರ್ಯನನ್ನು ನಿಧಾನ ಆ ಕಡೆ ಈ ಕಡೆ ಸರಿಸಿ ನೋಡಿ. ಸಿಕ್ಕ ಮೇಲೆ ಸೂರ್ಯನನ್ನೇ ತುಂಡು ತುಂಡಾಗಿ ಆ ಜಾಗಕ್ಕೆ ತಂದು ತೆಗೆಯಿರಿ, ಆಮೇಲೆ ಜೋಡಿಸಿ. ಜೋಡಿಸೋದು ಹೆಂಗೂ ನಿಮಗೆ ತಪ್ಪಿದ್ದಲ್ಲ, ಲೆಕ್ಕ ನೋಡಿ.

ಸೂರ್ಯನ ಬಿಂಬ ಎಷ್ಟು ದೊಡ್ಡದು ಅಂತ ತಿಳಿಯಲು ಫೋಕಲ್ ಲೆಂಗ್ತನ್ನು 109ರಿಂದ ಭಾಗಿಸಿದರೆ ಸಾಕು. 400 ಭಾಗಿಸು 109, ಅಂದರೆ 3.7 ಮಿಲಿಮೀಟರ್. ನಿಮ್ಮ ಕ್ಯಾಮೆರಾದ ಸೆನ್ಸರ್ 4.8ಕ್ಕೆ 3.6. ಬಾರ್ಲೋ ಇಲ್ಲದಿದ್ದರೂ ಮೇಲೆ ಕೆಳಗೆ ಕೂದಲೆಳೆಯಷ್ಟು ಕತ್ತರಿಸಿ ಹೋಗುತ್ತದೆ. 2x ಬಾರ್ಲೋದಲ್ಲಿ ಬಿಂಬ 7.4 ಮಿಲಿಮೀಟರ್. ಇದಕ್ಕೆ ಒಂದು ಉಪಾಯ ಉಂಟು. ಬಾರ್ಲೋದ ಕೆಳಗಿನ ಲೆನ್ಸ್ ಭಾಗವನ್ನು ತಿರುಗಿಸಿ ಬಿಚ್ಚಿ, ಅದನ್ನು ನೇರ ಕ್ಯಾಮೆರಾದ ಮೂತಿಗೆ ಹಾಕಿ. ತುಂಬಾ ಬಾರ್ಲೋಗಳಲ್ಲಿ ಅದು ಬಿಚ್ಚಲು ಬರುತ್ತದೆ. ಆಗ 2x ಬದಲು ಸುಮಾರು 1.5x ಸಿಗುತ್ತದೆ, ಫೋಕಸ್ಸೂ ಬರುತ್ತದೆ. ಬಿಂಬ 5.5 ಮಿಲಿಮೀಟರ್, ನಾಲ್ಕು ತುಂಡಲ್ಲಿ ಮುಗಿಯುತ್ತದೆ.

ಕಲರ್ ಕ್ಯಾಮೆರಾದಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಮಾತ್ರ ಕೆಂಪು. ಹೈಡ್ರೋಜನ್ ಆಲ್ಫಾ ಬರೀ ಕೆಂಪು, ಉಳಿದ ಮೂರಕ್ಕೆ ಕೆಲಸವೇ ಇಲ್ಲ. ಅದಕ್ಕೆ ಎಲ್ಲರೂ ಮೋನೋ, ಅಂದರೆ ಕಪ್ಪು ಬಿಳುಪು ಕ್ಯಾಮೆರಾ ತಗೊಳ್ಳಿ ಅನ್ನೋದು. ಮುಂದೆ ದುಡ್ಡು ಕೂಡಿದಾಗ ಮೋನೋ ತಗೊಳ್ಳಿ, ಈಗ ಇರುವುದರಲ್ಲೇ ಮಾಡಿ. ವಿಡಿಯೊ ತೆಗೆಯುವ ಶಾರ್ಪ್‌ಕ್ಯಾಪ್ ಸಾಫ್ಟ್‌ವೇರಿನಲ್ಲಿ ರಾ ಮೋಡ್ ಇಡಿ, ಆಟೋ ವೈಟ್ ಬ್ಯಾಲೆನ್ಸ್ ಆಫ್ ಮಾಡಿ, ಎಸ್‌ಇಆರ್ ವಿಡಿಯೊ ತೆಗೆಯಿರಿ. ಆಮೇಲೆ ಕೆಂಪು ಚಾನಲ್ ಮಾತ್ರ ಇಟ್ಟುಕೊಂಡು ಹಸಿರು, ನೀಲಿ ಬಿಸಾಕಿ. ಎಕ್ಸ್‌ಪೋಷರ್ ನೋಡುವಾಗಲೂ ಕೆಂಪಿನ ಹಿಸ್ಟೋಗ್ರಾಮ್ (ಬೆಳಕು ಎಷ್ಟು ತುಂಬಿದೆ ಅಂತ ತೋರಿಸುವ ನಕ್ಷೆ) ಮಾತ್ರ ನೋಡಬೇಕು. ಮೂರೂ ಸೇರಿಸಿ ನೋಡಿದರೆ ಕಡಿಮೆ ಅನ್ನಿಸುತ್ತದೆ, ನಾವು ಏರಿಸುತ್ತೇವೆ, ಕೆಂಪು ತುಂಬಿ ಚೆಲ್ಲುತ್ತದೆ. ನನಗನ್ನಿಸುವ ಪ್ರಕಾರ ನಿಮ್ಮ ಬಲಗಡೆ ನುಣ್ಣಗಾಗಲು ಇದೂ ಒಂದು ಕಾರಣ.

ತಟ್ಟೆಯೂ ಅಂಚಿನದ್ದೂ ಒಂದೇ ಎಕ್ಸ್‌ಪೋಷರಿನಲ್ಲಿ ಬರಲ್ಲ. ಯಾರಿಗೂ ಬರಲ್ಲ. ನೀವು ನೋಡುವ ಚಂದದ ಚಿತ್ರಗಳೆಲ್ಲ ಎರಡು ಸಲ ತೆಗೆದವು. ತಟ್ಟೆಗೆ ಹಿಸ್ಟೋಗ್ರಾಮ್ ಮುಕ್ಕಾಲು ತುಂಬುವಷ್ಟು, ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡ್. ಪ್ರಾಮಿನೆನ್ಸಿಗೆ ಅದರ ಹಲವು ಪಟ್ಟು, ತಟ್ಟೆ ಬೆಳ್ಳಗಾದರೆ ಆಗಲಿ. ಆಮೇಲೆ ಒಂದರ ಮೇಲೊಂದು ಕೂರಿಸಬೇಕು.

ಪ್ರತಿ ತುಂಡಿಗೆ ಒಂದು ಸಾವಿರ ಫ್ರೇಮ್ ತೆಗೆಯಿರಿ. ಗಾಳಿ ನಡುಗುತ್ತಲೇ ಇರುತ್ತದೆ, ಆದರೆ ನಡುನಡುವೆ ಒಂದು ಕ್ಷಣ ನಿಲ್ಲುತ್ತದೆ. ಆಟೋಸ್ಟ್ಯಾಕರ್ಟ್ ಎಂಬ ಸಾಫ್ಟ್‌ವೇರ್ ಆ ನಿಂತ ಕ್ಷಣದ ಫ್ರೇಮುಗಳನ್ನು ಹುಡುಕಿ ಕೊಡುತ್ತದೆ. ಸಾವಿರದಲ್ಲಿ ನೂರು ಇಟ್ಟುಕೊಂಡರೆ ಸಾಕು. ಸರ್ಫೇಸ್ ಅನ್ನೋದನ್ನು ಆರಿಸಿ. ಬಂದ ಚಿತ್ರವನ್ನು ಐಎಂಪಿಪಿಜಿ ಸಾಫ್ಟ್‌ವೇರಿನಲ್ಲಿ ಚೂಪು ಮಾಡಿ. ಅದು ಪುಕ್ಕಟೆ, ಸೂರ್ಯನ ಚಿತ್ರಕ್ಕೆ ಅಂತಲೇ ಇರುವುದು. ಜಾಸ್ತಿ ಎಳೆಯಬೇಡಿ. ಎಳೆದರೆ ಸೂರ್ಯನ ಮೈ ಪ್ಲಾಸ್ಟಿಕ್ ಹುಲ್ಲಿನ ಹಾಗೆ ಆಗುತ್ತದೆ.

ಪಟ್ಟೆಗಳು ನ್ಯೂಟನ್ ಉಂಗುರ. ಒಂದೇ ಬಣ್ಣದ ಬೆಳಕು ಸೆನ್ಸರಿಗೂ ಅದರ ಮೇಲಿನ ಗಾಜಿಗೂ ನಡುವೆ ಬಡಿದಾಡಿ ಹಾಗೆ ಮಾಡುತ್ತದೆ. ಕ್ಯಾಮೆರಾವನ್ನು ಒಂಚೂರು ಓರೆ ಮಾಡಿದರೆ ಹೋಗುತ್ತದೆ. ಟಿಲ್ಟ್ ಅಡಾಪ್ಟರ್ ಸಿಗುತ್ತದೆ. ನಾನು ಪೋಸ್ಟ್ ಕಾರ್ಡಿನ ಸಣ್ಣ ಚೂರನ್ನು ಮೂತಿಯ ಒಂದು ಬದಿಗೆ ಸಿಕ್ಕಿಸಿ ಸ್ಕ್ರೂ ಬಿಗಿ ಮಾಡ್ತೀನಿ, ಅಷ್ಟೇ. ಧೂಳಿನ ಚುಕ್ಕೆ ಹೋಗಲು ಫ್ಲಾಟ್, ಅಂದರೆ ಬರೀ ಸಮನಾದ ಬೆಳಕಿನ ಚಿತ್ರ ತೆಗೆಯಿರಿ. ತೆಳು ಬಿಳಿ ಪ್ಲಾಸ್ಟಿಕ್ ಕವರನ್ನು ಮುಂದಿನ ಲೆನ್ಸಿಗೆ ಸಡಿಲವಾಗಿ ಕಟ್ಟಿ, ಫೋಕಸ್ ಮುಟ್ಟದೆ ಒಂದು ವಿಡಿಯೊ ತೆಗೆಯಿರಿ.

ಆ ಹುಡುಗಿಯ ಪ್ರಶ್ನೆ ಓದಿ ನನಗೆ ನಮ್ಮ ಆಂಧ್ರದ ಗುಂಟೂರು ನೆನಪಾಯಿತು. 1868ರ ಆಗಸ್ಟ್ 18ರಂದು ಅಲ್ಲಿ ಪೂರ್ಣ ಗ್ರಹಣ. ಫ್ರಾನ್ಸಿನ ಜಾನ್ಸೆನ್ ಬಂದಿದ್ದರು. ಗ್ರಹಣದ ಹೊತ್ತಿನಲ್ಲಿ ಪ್ರಾಮಿನೆನ್ಸಿನ ಗೆರೆಗಳು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಸ್ಪೆಕ್ಟ್ರೋಸ್ಕೋಪಿನಲ್ಲಿ ಎಷ್ಟು ಪ್ರಕಾಶವಾಗಿ ಕಂಡವು ಅಂದರೆ, ಗ್ರಹಣ ಇಲ್ಲದೆಯೂ ಇವು ಕಾಣಬೇಕು ಅಂತ ಅವರಿಗೆ ಅನ್ನಿಸಿತು. ಮರುದಿನ ಬೆಳಿಗ್ಗೆ ಬರೀ ಬಿಸಿಲಲ್ಲಿ ನೋಡಿದರು, ಕಂಡವು. ಬೇಕಾದ ಬಣ್ಣವನ್ನು ಮಾತ್ರ ಬೇರೆ ಮಾಡಿ ನೋಡುವುದು ಅಲ್ಲಿಂದಲೇ ಬಂತು. ನಿಮ್ಮ ಪಿಎಸ್‌ಟಿ ಮಾಡುವುದೂ ಅದೇ ಕೆಲಸ.

ಕುಂಬಳೆ ಕಡಲ ಬದಿ:

ಟೀಚರ್, ನಾನು ನಿಮ್ಮ ಜಿಲ್ಲೆಯವನೇ. ಆದೋನಿಯ ಅಣ್ಣ ಎಲ್ಲ ಹೇಳಿದ್ದಾರೆ, ಒಂದು ಮಾತು ಬಿಟ್ಟಿದ್ದಾರೆ. ಅಂಗಳ.

ಅಡಿಕೆ ಒಣಗಿಸುವ ಅಂಗಳಕ್ಕಿಂತ ಕೆಟ್ಟ ಜಾಗ ಸೂರ್ಯನ ಫೋಟೊಕ್ಕೆ ಸಿಗಲಾರದು. ಬಿಸಿ ಹಿಡಿದಿಡಲಿ ಅಂತಲೇ ಅಲ್ವಾ ನಾವು ಅಂಗಳ ಮಾಡುವುದು? ಚಾಲಿ ಆಗಲು ನಲುವತ್ತು ನಲುವತ್ತೈದು ದಿನ ಅಡಿಕೆ ಅಲ್ಲಿ ಬೇಯುತ್ತದೆ. ಆ ಬಿಸಿ ಗಾಳಿ ಮೇಲೆದ್ದು ನೇರ ನಿಮ್ಮ ಲೆನ್ಸಿನ ಮುಂದೆ ಹಾಯುತ್ತದೆ. ಎಟಲಾನ್ ಎಷ್ಟು ಒಳ್ಳೆಯದಿದ್ದರೂ ಅದರ ಮುಂದೆ ಏನೂ ನಡೆಯುವುದಿಲ್ಲ. ತಾರಸಿಯೂ ಬೇಡ. ಮುರಕಲ್ಲಿನ ಪದವು, ಅಂದರೆ ಗುಡ್ಡದ ಮೇಲಿನ ಬೋಳು ಬಯಲೂ ಬೇಡ, ಎಂಟೂವರೆಗೇ ಬಿಸಿಯಾಗುತ್ತದೆ.

ಹಸಿರು ಇರುವಲ್ಲಿ, ನೀರು ಇರುವಲ್ಲಿ ಇಡಿ. ಗದ್ದೆ ಬೈಲು ಇದ್ದರೆ ಅದರ ಪಶ್ಚಿಮದ ಅಂಚು ಒಳ್ಳೆಯದು. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿ, ಹಾಗಾಗಿ ನಿಮ್ಮ ನೋಟ ಪೂರ್ತಿ ಗದ್ದೆಯ ಮೇಲಿಂದ ಹೋಗುತ್ತದೆ. ತೋಟದ ಕೆರೆಯ ದಂಡೆಯೂ ಆಗಬಹುದು. ನೀರು ಬೇಗ ಬಿಸಿ ಆಗುವುದಿಲ್ಲ. ದೊಡ್ಡ ದೊಡ್ಡ ಸೌರ ದೂರದರ್ಶಕಗಳನ್ನು ಕೆರೆಯ ನಡುವೆ ಕಟ್ಟಿದ್ದೂ ಇದೇ ಕಾರಣಕ್ಕೆ. ನಮ್ಮ ದೇಶದಲ್ಲೇ ಉದಯಪುರದ ಫತೇಹ್ ಸಾಗರದ ನಡುಗಡ್ಡೆಯಲ್ಲಿ ಒಂದು ಉಂಟು. ಕಂಗಿನ ನೆತ್ತಿ ದಾಟಿ ಸೂರ್ಯ ಮೇಲೆ ಬಂದ ಕೂಡಲೇ ಶುರು ಮಾಡಿ, ಒಂಬತ್ತೂವರೆಗೆ ಮುಗಿಸಿ. ತುಂಬಾ ಕೆಳಗಿದ್ದಾಗ ದಪ್ಪ ಗಾಳಿ, ತುಂಬಾ ಮೇಲೆ ಬಂದ ಮೇಲೆ ನೆಲದ ಬಿಸಿ. ನಡುವಿನ ಒಂದು ಗಂಟೆ ನಿಮ್ಮದು.

ಸ್ಟ್ಯಾಂಡಿನ ಬಗ್ಗೆ ನೀವು ಬರೆದಿಲ್ಲ. ಸೂರ್ಯನ ಹಿಂದೆ ತಿರುಗುವ ಇಕ್ವಟೋರಿಯಲ್ ಇದ್ದರೆ ನಮ್ಮ ಊರಲ್ಲಿ ಒಂದು ಕಷ್ಟ. ಅದನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸಿ ಇಡಬೇಕು, ಆ ನಕ್ಷತ್ರ ಬರೀ ಹನ್ನೆರಡೂವರೆ ಡಿಗ್ರಿ ಎತ್ತರದಲ್ಲಿ. ರಾತ್ರಿಯೇ ತೆಂಗಿನ ಮರೆಯಲ್ಲಿ ಕಾಣುವುದಿಲ್ಲ, ಹಗಲು ಕೇಳಬೇಕಾ. ನಾನು ಮಾಡುವುದು ಹೀಗೆ. ಒಂದು ದಾರಕ್ಕೆ ಕಲ್ಲು ಕಟ್ಟಿ ನೇತು ಹಾಕುತ್ತೇನೆ. ಅದರ ನೆರಳು ಎಲ್ಲಕ್ಕಿಂತ ಗಿಡ್ಡ ಆಗುವ ಹೊತ್ತಿಗೆ ನೆಲದಲ್ಲಿ ಗೆರೆ ಎಳೆಯುತ್ತೇನೆ. ಅದೇ ಉತ್ತರ ದಕ್ಷಿಣ. ನಮ್ಮಲ್ಲಿ ಅದು ಹನ್ನೆರಡಕ್ಕೆ ಆಗುವುದಿಲ್ಲ, ಹನ್ನೆರಡೂವರೆ ಆಸುಪಾಸು. ಗಡಿಯಾರದ ಸಮಯ ಇರುವುದು 82.5 ಡಿಗ್ರಿ ರೇಖಾಂಶಕ್ಕೆ, ನಾವು ಇರುವುದು 75ರಲ್ಲಿ. ಸೂರ್ಯ ನೆತ್ತಿಗೆ ಬರುವ ಏಪ್ರಿಲ್ ಕೊನೆಯ ದಿನಗಳಲ್ಲಿ, ಆಗಸ್ಟ್ ಮೂರನೇ ವಾರದಲ್ಲಿ ಮಾತ್ರ ಇದು ನಡೆಯುವುದಿಲ್ಲ, ಆಗ ನೆರಳೇ ಇರುವುದಿಲ್ಲ. ಒಮ್ಮೆ ಗೆರೆ ಎಳೆದರೆ ಸಿಮೆಂಟಿನಲ್ಲಿ ಗುರುತು ಮಾಡಿಡಿ.

ಕೊನೆಯದು, ತೇವ. ನನ್ನ ಮೊದಲ ಪಿಎಸ್‌ಟಿಯನ್ನು ಕೊಟ್ಟವರು ಏನೂ ತೊಂದರೆ ಇಲ್ಲ ಅಂದಿದ್ದರು. ಒಂದು ಮಳೆಗಾಲ ಕಳೆದ ಮೇಲೆ ಸೂರ್ಯ ಮಂಜಿನ ಹಿಂದೆ ಇದ್ದ ಹಾಗೆ ಕಾಣತೊಡಗಿತು. ಹಳೆಯ ಪಿಎಸ್‌ಟಿಗಳಲ್ಲಿ ಐಪೀಸಿನ ಕಡೆ ಇರುವ ಸಣ್ಣ ಫಿಲ್ಟರ್ ಹೀಗೆ ತುಕ್ಕು ಹಿಡಿದ ಹಾಗೆ ಮಬ್ಬಾಗುತ್ತದೆ. ಅದನ್ನು ಮಾತ್ರ ಬದಲಾಯಿಸಲು ಆಗುತ್ತದೆ. ನಿಮ್ಮದು ದಿನ ಹೋದ ಹಾಗೆ ಮಂಕಾಗುತ್ತಿದೆಯಾ ಅಂತ ನೋಡುತ್ತಿರಿ. ಜೂನ್ ಬರುವ ಮೊದಲೇ ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಪುನಃ ಹಾಕಿ, ಆ ಬಾಣಲೆಯನ್ನು ಅಡುಗೆಗೆ ಮುಟ್ಟಬೇಡಿ.

ಮುಳ್ಳೇರಿಯ ಟೀಚರ್:

ಇಷ್ಟು ಬೇಗ, ಇಷ್ಟು ವಿವರವಾಗಿ ಬರೆದಿದ್ದೀರಿ. ಓದಿ ತುಂಬಾ ಸಂತೋಷ ಆಯಿತು. ಭಾವನಿಗೆ ನಿನ್ನೆ ರಾತ್ರಿಯೇ ಫೋನ್ ಮಾಡಿದೆ. 5 ವ್ಯಾಟಿನ ಲೆಕ್ಕ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಸೌರ ಫಿಲ್ಮ್ ತರಿಸುತ್ತೇನೆ ಅಂದ.

ಅಂಗಳದ ವಿಷಯ ನನಗೆ ಹೊಳೆದೇ ಇರಲಿಲ್ಲ ಅಣ್ಣ. ದಿನಾ ಬರಿಗಾಲಲ್ಲಿ ಅಡಿಕೆ ಕಾಲಾಡಿಸುವಾಗ ಕಾಲು ಸುಡುತ್ತದೆ, ಆದರೂ ಯೋಚನೆ ಬರಲಿಲ್ಲ.

ಆದೋನಿಯವರಲ್ಲಿ ಒಂದು ಪ್ರಶ್ನೆ. ಮೊನ್ನೆ ತಟ್ಟೆಯ ಮೇಲೆ ಒಂದು ಕಪ್ಪು ಗೆರೆ ಇತ್ತು, ಫಿಲಮೆಂಟ್ (ಸೂರ್ಯನ ಮೇಲೆ ತೇಲುವ ಅನಿಲದ ಎಳೆ) ಇರಬೇಕು. ಟ್ಯೂನಿಂಗ್ ಉಂಗುರವನ್ನು ಒಂದು ಕೂದಲಷ್ಟು ತಿರುಗಿಸಿದೆ, ಅದರ ಅರ್ಧ ಭಾಗ ಮಾಯ ಆಯಿತು. ಇನ್ನಷ್ಟು ತಿರುಗಿಸಿದರೆ ಉಳಿದ ಅರ್ಧವೂ ಇಲ್ಲ, ಮೊದಲು ಹೋದದ್ದೂ ಇಲ್ಲ. ಇದು ಉಪಕರಣದ ದೋಷವಾ?

ಆದೋನಿ:

ದೋಷ ಅಲ್ಲ ಮೇಡಮ್, ನೀವು ಗಾಳಿ ಬೀಸೋದನ್ನು ನೋಡಿದ್ದೀರಿ! ಆ ಅನಿಲ ನಮ್ಮ ಕಡೆ ಬರುತ್ತಿದ್ದರೆ ಅದರ ಗೆರೆ ನೀಲಿ ಕಡೆಗೆ ಜರುಗುತ್ತದೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ. ಡಾಪ್ಲರ್. ಹೈಡ್ರೋಜನ್ ಆಲ್ಫಾದಲ್ಲಿ 1 ಆಂಗ್‌ಸ್ಟ್ರಾಮ್ ಜರುಗಿದರೆ ವೇಗ ಸೆಕೆಂಡಿಗೆ ಸುಮಾರು 46 ಕಿಲೋಮೀಟರ್. ಅರ್ಧ ಆಂಗ್‌ಸ್ಟ್ರಾಮ್ ಅಂದರೆ 23. ಫಿಲಮೆಂಟಿನ ಒಂದು ಭಾಗ ಒಂದು ವೇಗದಲ್ಲಿ, ಇನ್ನೊಂದು ಭಾಗ ಇನ್ನೊಂದು ವೇಗದಲ್ಲಿ ಇರಬಹುದು. ಒಂದೇ ಟ್ಯೂನಿಂಗಿನಲ್ಲಿ ಎರಡೂ ಸಿಗಲ್ಲ. ಇನ್ನು ಮೇಲೆ ಫಿಲಮೆಂಟ್ ಕಂಡರೆ ಉಂಗುರವನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸುತ್ತ ಒಂದು ವಿಡಿಯೊ ತೆಗೆದಿಡಿ. ಮಕ್ಕಳಿಗೆ ಡಾಪ್ಲರ್ ಕಲಿಸಲು ಆಂಬುಲೆನ್ಸ್ ಶಬ್ದದ ಉದಾಹರಣೆ ಬೇಕಾಗಲ್ಲ.

ಮುಳ್ಳೇರಿಯ ಟೀಚರ್:

ಭಾನುವಾರದ ವರದಿ ಒಪ್ಪಿಸುತ್ತೇನೆ.

ಬೈಲಿನ ಪಶ್ಚಿಮದ ಅಂಚಲ್ಲಿ, ನೆರೆಮನೆಯವರ ಗದ್ದೆಯ ಬದುವಿನ ಮೇಲೆ ಇಟ್ಟೆವು. ಅಲ್ಲೀಗ ಹುಲ್ಲು, ಸೊಪ್ಪು ತರಕಾರಿ. ಭಾವ, ನಾನು, ಮತ್ತೆ ಹತ್ತಿರದ ನಾಲ್ಕು ಮಕ್ಕಳು. ಎಂಟೂ ನಲವತ್ತಕ್ಕೆ ಶುರು. ಬಾರ್ಲೋದ ಲೆನ್ಸ್ ಭಾಗ ಬಿಚ್ಚಲು ಬಂತು, ಕ್ಯಾಮೆರಾದ ಮೂತಿಗೆ ಸರಿಯಾಗಿ ಕೂತಿತು, ಫೋಕಸ್ ಸಿಕ್ಕಿತು. ನಮ್ಮ ಸರಿ ಜಾಗ ಮಧ್ಯಕ್ಕಿಂತ ಸ್ವಲ್ಪ ಎಡಕ್ಕೆ, ಕೆಳಗೆ. ಭಾವ ಲ್ಯಾಪ್‌ಟಾಪ್ ಸ್ಕ್ರೀನಿನ ಮೇಲೆ ಅಲ್ಲೇ ಒಂದು ಸಣ್ಣ ಸ್ಟಿಕ್ಕರ್ ಅಂಟಿಸಿದ. ನಾಲ್ಕು ತುಂಡು ತಟ್ಟೆಗೆ, ನಾಲ್ಕು ಅಂಚಿಗೆ. ರಟ್ಟಿನ ಚೂರು ಎರಡು ಸಲ ಬದಲಾಯಿಸಿದ ಮೇಲೆ ಪಟ್ಟೆಗಳು ಹೋದವು.

ಆ ಗಾಳಿ! ಸ್ಕ್ರೀನಿನಲ್ಲಿ ಅಂಚು ನಿಂತಿತ್ತು. ಅಂಗಳದಲ್ಲಿ ಒಂದು ದಿನವೂ ಹಾಗೆ ನಿಂತಿರಲಿಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಎಲ್ಲ ಸೇರಿ ಕೂತು ಜೋಡಿಸಿದೆವು. ಪೂರ್ವದ ಅಂಚಿನಲ್ಲಿ ಒಂದು ಪ್ರಾಮಿನೆನ್ಸ್. ಮೇಲೆ ಎದ್ದು, ಅಲ್ಲಿಂದ ಎಳೆ ಎಳೆಯಾಗಿ ಕೆಳಗೆ ಇಳಿದಿದೆ. ಮಕ್ಕಳಲ್ಲಿ ಒಬ್ಬ ನೋಡಿದ ಕೂಡಲೇ "ಹಿಂಗಾರ!" ಅಂದ. ಹೌದು, ಹಾಳೆ ಒಡೆದು ಹೊರಬಂದ ಹಿಂಗಾರದ ಹಾಗೆಯೇ ಇತ್ತು. ಈಗ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು.

ಮತ್ತೆ ಅಳೆದೆವು. ನಮ್ಮ ಚಿತ್ರದಲ್ಲಿ ಸೂರ್ಯನ ಅಡ್ಡಳತೆ 1460 ಪಿಕ್ಸೆಲ್. ನಿಜವಾದ ಅಡ್ಡಳತೆ 13 ಲಕ್ಷ 92 ಸಾವಿರ ಕಿಲೋಮೀಟರ್. ಅಂದರೆ ಒಂದು ಪಿಕ್ಸೆಲ್‌ಗೆ ಸುಮಾರು 950 ಕಿಲೋಮೀಟರ್. ಹಿಂಗಾರದ ಎತ್ತರ 60 ಪಿಕ್ಸೆಲ್. 57 ಸಾವಿರ ಕಿಲೋಮೀಟರ್! ಭೂಮಿಯ ಅಡ್ಡಳತೆ 12,700ರ ಹತ್ತಿರ, ನಾಲ್ಕೂವರೆ ಭೂಮಿಯನ್ನು ಒಂದರ ಮೇಲೊಂದು ಇಡಬಹುದು. ಮಕ್ಕಳು ಕಾಗದದಲ್ಲಿ ಅದೇ ಅಳತೆಗೆ ಭೂಮಿ ಕತ್ತರಿಸಿದರು, 13 ಪಿಕ್ಸೆಲ್‌ನ ಚುಕ್ಕಿ. ಅದನ್ನು ಚಿತ್ರದ ಪಕ್ಕದಲ್ಲಿ ಇಟ್ಟು ಸುಮಾರು ಹೊತ್ತು ನೋಡುತ್ತ ಕೂತರು.

ಮೊದಲ ಚಿತ್ರವನ್ನು ಆ ಹಳೆಯ ಹುಡುಗಿಗೆ ಕಳಿಸಿದೆ. ಅವಳು ಕೂಡಲೇ ಫೋನ್ ಮಾಡಿದಳು. ಮುಂದಿನ ರಜೆಗೆ ಬಂದಾಗ ಐಪೀಸಿನಲ್ಲೇ ನೋಡಬೇಕಂತೆ.

ಸೂರ್ಯ ತಿರುಗುತ್ತಾನಲ್ವಾ, ದಿನಕ್ಕೆ 13 ಡಿಗ್ರಿ ಆಸುಪಾಸು. ಅಂಚಿನಲ್ಲಿ ಕೆಂಪಾಗಿ ಕಂಡದ್ದು ನಾಲ್ಕು ದಿನದಲ್ಲಿ ತಟ್ಟೆಯ ಮೇಲೆ ಬರಬೇಕು, ಅಲ್ಲಿ ಹಿಂದಿನ ಬೆಳಕಿಗೆ ಕಪ್ಪಾಗಿ ಕಾಣಬೇಕು. ಎರಡೂ ಒಂದೇ ವಸ್ತು ಅಂತ ಪಾಠದಲ್ಲಿ ಹೇಳಿದ್ದೇನೆ, ಕಣ್ಣಿಂದ ನೋಡಿಲ್ಲ. ಅದು ಅಷ್ಟು ದಿನ ಉಳಿದಿದ್ದರೆ ಗುರುವಾರ ಶಾಲೆಗೆ ಹೋಗುವ ಮೊದಲು ನೋಡುತ್ತೇನೆ.

ಮುಳ್ಳೇರಿಯ ಟೀಚರ್:

ಗುರುವಾರ, ಬೆಳಿಗ್ಗೆ 8:50. ಬದುವಿನ ಮೇಲಿಂದಲೇ ಫೋನಿನಲ್ಲಿ ಬರೆಯುತ್ತಿದ್ದೇನೆ. ಹಿಂಗಾರ ಒಳಗೆ ಬಂದಿದೆ. ಕಪ್ಪು ಗೆರೆ, ತುದಿ ಸ್ವಲ್ಪ ಬಾಗಿದೆ. ವಿಡಿಯೊ ತೆಗೆದಾಯಿತು, ಸಂಜೆ ಜೋಡಿಸಿ ಹಾಕುತ್ತೇನೆ.